ಬರವಣಿಗೆಯ ಮುಯ್ಯಾಳು

ಕಾಫಿ ಸೀಮೆಯಲ್ಲಿ ‘ರೈಟರು’ ಎಂದರೆ ಕತೆ ಕಾದಂಬರಿ ಬರೆಯುವವರು ಎಂದು ಯಾರೂ ತಿಳಿಯುವುದಿಲ್ಲ. ಮೂಡಿಗೆರೆಯಿಂದ ಕಳಸದವರೆಗೆ ಯಾವ ತೋಟದಲ್ಲಿ ಕೇಳಿದರೂ, ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು, ಯಾರು ಯಾವ ಕಡೆ ಹೋಗಬೇಕೆಂದು ಕೆಲಸ ಹಂಚಿ, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ ಬರೆದುಕೊಳ್ಳುವ ಮನುಷ್ಯನನ್ನು ತೋರಿಸುತ್ತಾರೆ. ನಮ್ಮಪ್ಪ ಕಳಸದ ಹತ್ತಿರದ ಒಂದು ತೋಟದಲ್ಲಿ ಅಂಥ ರೈಟರಾಗಿದ್ದರು. ಕಂಕುಳಲ್ಲಿ ಉದ್ದನೆಯ ಚೆಕ್‌ರೋಲ್ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ದಿನವಿಡೀ ದುಡಿದವರ ಹೆಸರಿನ ಮುಂದೆ ಒಂದು, ಮಧ್ಯಾಹ್ನವೇ ಹೊರಟವರಿಗೆ ‘ಅರ್ಧ ಆಳು’, ಬಾರದವರಿಗೆ ಬರಿಯ ಚುಕ್ಕಿ. ನಿನ್ನೆ ಚುಕ್ಕಿ ಬಿದ್ದವನು ಇವತ್ತು ಬಂದು ನಿಂತರೆ ಅಪ್ಪ ನಿನ್ನೆಯ ಮಾತು ಎತ್ತುತ್ತಿರಲಿಲ್ಲ. ಇವತ್ತಿನ ಮನೆಯಲ್ಲಿ ಒಂದು ಬರೆದು, ಹೋಗು ಎನ್ನುತ್ತಿದ್ದರು.

ಅವರ ಮಗನಾದ ನಾನು ಇನ್ನೊಂದು ಅರ್ಥದ ರೈಟರಾಗಲು ಹೊರಟೆ. ಮೊದಲ ಅಧ್ಯಾಯ ಮಾತ್ರ ಇರುವ ನೋಟ್‌ಬುಕ್ಕುಗಳಿಂದ ಒಂದು ಟ್ರಂಕು ತುಂಬಿತು. ಒಂದೊಂದನ್ನೂ ಶುರು ಮಾಡುವಾಗ ಊಟ ನಿದ್ದೆ ಬೇಡವಾಗುವಷ್ಟು ಉತ್ಸಾಹ. ಹತ್ತನೆಯ ದಿನ ಆ ಪುಸ್ತಕ ಎಲ್ಲಿದೆಯೆಂಬುದೇ ನೆನಪಿಲ್ಲ. ಶಾಲೆಯಲ್ಲಿ ಮೇಷ್ಟ್ರು ‘ಬುದ್ಧಿ ಇದೆ, ಶ್ರದ್ಧೆ ಇಲ್ಲ’ ಎಂದಿದ್ದರು. ಮನೆಯಲ್ಲಿ ‘ಕೈಗೆತ್ತಿಕೊಂಡದ್ದು ಮುಗಿಸೋನಲ್ಲ’ ಎಂದರು. ನಲವತ್ತೊಂದನೆಯ ವಯಸ್ಸಿನಲ್ಲಿ ಮನೋವೈದ್ಯರೊಬ್ಬರು ಎರಡು ಗಂಟೆ ಕೂರಿಸಿಕೊಂಡು, ಬಾಲ್ಯದಿಂದ ಎಲ್ಲವನ್ನೂ ಕೇಳಿ, ಇದಕ್ಕೆ ಎಡಿಎಚ್‌ಡಿ ಎಂದು ಹೆಸರಿಟ್ಟರು. ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. ಆ ಹೆಸರು ನನಗೆ ಅಷ್ಟು ಒಪ್ಪಿಗೆಯಿಲ್ಲ. ಗಮನದ ಕೊರತೆಯಿದ್ದವನು ಮಳೆಗಾಲದ ಇಡೀ ಮಧ್ಯಾಹ್ನ ಒಂದು ಏಡಿಯನ್ನು ನೋಡುತ್ತ ಕೂರುತ್ತಿರಲಿಲ್ಲ. ಗಮನ ಇದೆ, ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ ತಿರುಗಿಸುವ ಹಿಡಿಕೆ ಸಡಿಲವಾಗಿದೆ.

ಇದು ಮೊಬೈಲ್ ಬಂದಮೇಲೆ ಹುಟ್ಟಿದ ಕಾಯಿಲೆ ಎನ್ನುವವರಿಗೆ ಎರಡು ಇಸವಿ ಹೇಳುತ್ತೇನೆ. 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ ಯಾವುದರ ಮೇಲೂ ಮನಸ್ಸು ನಿಲ್ಲಿಸಲಾಗದ, ಸಣ್ಣ ಸದ್ದಿಗೂ ಕದಡಿಹೋಗುವ ಜನರ ಬಗ್ಗೆ ಬರೆದಿದ್ದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೇನೂ ಕೊರತೆಯಿಲ್ಲದೆ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾಗದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನೇ ಕೊಟ್ಟ. ಇವತ್ತಿನ ಅಂದಾಜಿನ ಪ್ರಕಾರ ಜಗತ್ತಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ, ದೊಡ್ಡವರಲ್ಲಿ ಎರಡೂವರೆಯಿಂದ ಮೂರು ಮಂದಿಗೆ ಇದು ಇದೆ. ಅವಳಿಗಳನ್ನು ಅಭ್ಯಸಿಸಿದವರು ಇದರಲ್ಲಿ ವಂಶವಾಹಿಯ ಪಾಲು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಎನ್ನುತ್ತಾರೆ. ಎತ್ತರದಷ್ಟೇ ಅಲ್ಲದಿದ್ದರೂ ಎತ್ತರದ ಹತ್ತಿರ ಬರುವಷ್ಟು. 2007ರಲ್ಲಿ ಅಮೆರಿಕದ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮಿದುಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಹೊರಪದರ ತನ್ನ ಗರಿಷ್ಠ ದಪ್ಪ ತಲುಪುವುದು ಇತರರಲ್ಲಿ ಏಳೂವರೆ ವಯಸ್ಸಿನ ಸುಮಾರಿಗಾದರೆ ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆಗೆ ಎಂದು ಕಂಡರು. ಮುಂಭಾಗದ ಮಿದುಳಿನಲ್ಲಿ ಈ ತಡ ಎದ್ದು ಕಾಣುತ್ತಿತ್ತು. ಯೋಜನೆ ಹಾಕುವ, ತಡೆದುಕೊಳ್ಳುವ, ಸರದಿಯಲ್ಲಿಡುವ ಕೆಲಸ ಆ ಭಾಗದ್ದು.

ಹೆಣ್ಣುಮಕ್ಕಳಲ್ಲಿ ಇದು ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗನನ್ನು ಮೇಷ್ಟ್ರು ಗುರುತಿಸುತ್ತಾರೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತ ಹುಡುಗಿಯನ್ನು ‘ಪಾಪದ ಮಗು’ ಎಂದು ಬಿಟ್ಟುಬಿಡುತ್ತಾರೆ. ಅವಳು ಮುಂದೆ ಮನೆ, ಮಕ್ಕಳು, ತೋಟದ ಲೆಕ್ಕ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ನಡೆಸಬೇಕಾಗಿ ಬಂದಾಗಲೇ ಕಟ್ಟು ಬಿಚ್ಚಿಹೋಗುತ್ತದೆ.

ಎಷ್ಟೋ ಕೆಲಸಗಳಿವೆ, ಬರೆಯುವುದೊಂದೇ ಏಕೆ ಇಷ್ಟು ಹಿಂಸೆಯಾಗಬೇಕು? ಅದರ ಸ್ವಭಾವ ನೋಡಿ. ಯಾರೂ ಕರೆಯುವುದಿಲ್ಲ, ತಾನೇ ಶುರು ಮಾಡಬೇಕು. ಎಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲ. ಹಿಂದಿನ ವಾಕ್ಯ, ಮುಂದಿನ ವಿಚಾರ, ಪ್ಯಾರಾದ ದಾರಿ, ಮೂರನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿರಬೇಕು. ಇದನ್ನು ಹಿಡಿಯುವ ಶಕ್ತಿಗೆ ವಿಜ್ಞಾನಿಗಳು ‘ಕಾರ್ಯಕಾರಿ ನೆನಪು’ ಎನ್ನುತ್ತಾರೆ, ಮತ್ತು ಎಡಿಎಚ್‌ಡಿಯಲ್ಲಿ ಬಹಳ ಜನರಿಗೆ ಸೋರುವುದು ಇದೇ ಕೊಡ. ಇನ್ನು ಫಲ ಸಿಗುವುದು ತಿಂಗಳುಗಳಾದಮೇಲೆ. ಬ್ರಿಟನ್ನಿನ ಎಡ್ಮಂಡ್ ಸೊನುಗಾ-ಬಾರ್ಕ್ ಮೂರು ದಶಕಗಳ ಹಿಂದೆಯೇ ಈ ತೊಂದರೆಯಿರುವ ಮಕ್ಕಳಿಗೆ ಕಾಯುವುದೇ ನೋವು ಎಂದು ತೋರಿಸಿದ್ದರು. ಇವತ್ತಿನ ಚಿಕ್ಕ ಫಲವೂ ಆರು ತಿಂಗಳಾಚೆಯ ದೊಡ್ಡ ಫಲವೂ ಎದುರಾದರೆ, ಎಲ್ಲ ಮನುಷ್ಯರಿಗೂ ಆಚೆಯದು ಕೊಂಚ ಸಣ್ಣದಾಗಿ ಕಾಣುತ್ತದೆ. ನಮಗೆ ಬೇಗನೆ, ತೀರಾ ಸಣ್ಣದಾಗಿಬಿಡುತ್ತದೆ. ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಮಿದುಳಿನ ಸಂದೇಶವಾಹಕಗಳ ವ್ಯವಹಾರದಲ್ಲಿರುವ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧವಿದೆ. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಮೀಥೈಲ್‌ಫೆನಿಡೇಟ್ ಎಂಬ ಔಷಧಿ, ನರಕೋಶಗಳ ನಡುವೆ ಇವು ಬೇಗ ಹಿಂದಕ್ಕೆ ಹೀರಿಹೋಗದಂತೆ ತಡೆದು ಕೆಲಸ ಮಾಡುತ್ತದೆ. ಔಷಧಿ ಬೇಕಾದವರಿಗೆ ಅದು ನಿಜವಾಗಿಯೂ ಬೇಕು. ಅದರ ಬದಲಿಗೆ ಗೆಳೆಯರ ಕೂಟ ಸಾಕು ಎಂದು ಹೇಳಲು ನಾನು ಈ ಅಧ್ಯಾಯ ಬರೆಯುತ್ತಿಲ್ಲ.

ಕಾಫಿಯ ನಾಡಿನಲ್ಲಿ ಕೂತು ಕಾಫಿಯ ಮಾತು ಬಿಡಲಾಗದು. 1973ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಶ್ನಾಕೆನ್‌ಬರ್ಗ್, ಈ ಮಕ್ಕಳಿಗೆ ಔಷಧಿಯ ಬದಲು ಕೆಫೀನ್ ಕೊಡಬಹುದೇ ಎಂದು ಕೇಳಿದ್ದರು. ಆಮೇಲಿನ ಪರೀಕ್ಷೆಗಳಲ್ಲಿ ಆ ಆಸೆ ನಿಲ್ಲಲಿಲ್ಲ. ಕೆಫೀನ್ ಮಾಡುವುದು ಅಡಿನೊಸಿನ್ ಎಂಬ ‘ದಣಿವಿನ ರಾಸಾಯನಿಕ’ಕ್ಕೆ ಬಾಗಿಲು ಮುಚ್ಚುವ ಕೆಲಸ. ಎಚ್ಚರ ಕೊಡುತ್ತದೆ, ಎಚ್ಚರವನ್ನು ಎತ್ತ ತಿರುಗಿಸಬೇಕೆಂದು ಹೇಳುವುದಿಲ್ಲ. ರಾತ್ರಿ ಹತ್ತಕ್ಕೆ ಲೋಟ ತುಂಬ ಕಾಫಿ ಕುಡಿದು, ಕಾದಂಬರಿ ಬಿಟ್ಟು ಪುಸ್ತಕದ ಕಪಾಟನ್ನು ಅಕಾರಾದಿಯಲ್ಲಿ ಜೋಡಿಸಿಟ್ಟ ರಾತ್ರಿಗಳು ನನಗೆ ಚೆನ್ನಾಗಿ ಗೊತ್ತು.

ಹಾಗಾದರೆ ಎತ್ತ ತಿರುಗಿಸಬೇಕೆಂದು ಹೇಳುವುದು ಯಾವುದು? ಕುಯ್ಲಿನ ಕಾಲದಲ್ಲಿ ತೋಟಕ್ಕೆ ಹೋದವರು ಇದನ್ನು ಕಂಡಿರುತ್ತಾರೆ. ಒಬ್ಬಳೇ ಒಂದು ಮೂಲೆಯಲ್ಲಿ ಹಣ್ಣು ಬಿಡಿಸುವ ಹೆಂಗಸಿನ ಕೈಗೂ, ಹತ್ತು ಮಂದಿ ಸಾಲು ಹಿಡಿದು ಮಾತಾಡುತ್ತ ಬಿಡಿಸುವಾಗಿನ ಅವಳದೇ ಕೈಗೂ ವ್ಯತ್ಯಾಸವಿದೆ. ಯಾರೂ ಯಾರನ್ನೂ ಅವಸರ ಮಾಡುವುದಿಲ್ಲ. ಆದರೂ ಸಾಲು ಮುಂದೆ ಹೋಗುತ್ತದೆ, ಕೈ ಅದರೊಂದಿಗೆ ಹೋಗುತ್ತದೆ.

1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಇದನ್ನೇ ಸೈಕಲ್ ಪಂದ್ಯಗಳ ದಾಖಲೆಯಲ್ಲಿ ಗಮನಿಸಿದ. ಒಂಟಿಯಾಗಿ ಗಡಿಯಾರದ ವಿರುದ್ಧ ಓಡಿಸಿದವರಿಗಿಂತ ಜತೆಯಲ್ಲಿ ಇನ್ನೊಬ್ಬರಿದ್ದಾಗ ಓಡಿಸಿದವರು ವೇಗವಾಗಿದ್ದರು. ನಲವತ್ತು ಮಕ್ಕಳ ಕೈಗೆ ಮೀನಿನ ಗಾಳದ ರಾಟೆ ಕೊಟ್ಟು, ಒಬ್ಬೊಬ್ಬರಾಗಿಯೂ ಇಬ್ಬಿಬ್ಬರಾಗಿಯೂ ದಾರ ಸುತ್ತಿಸಿದ. ಪಠ್ಯಪುಸ್ತಕಗಳು ‘ಜತೆಯಿದ್ದಾಗ ವೇಗ ಹೆಚ್ಚಿತು’ ಎಂದು ಹೇಳಿ ಮುಂದೆ ಹೋಗುತ್ತವೆ. ನಿಜಕ್ಕೂ ಆದದ್ದು ಬೇರೆ: ಇಪ್ಪತ್ತು ಮಕ್ಕಳ ವೇಗ ಹೆಚ್ಚಿತು, ಹತ್ತು ಮಂದಿಯದು ಇದ್ದಂತೆಯೇ ಇತ್ತು, ಹತ್ತು ಮಂದಿ ಗಾಬರಿಬಿದ್ದು ಇನ್ನೂ ನಿಧಾನವಾದರು. ಆ ಕೊನೆಯ ಹತ್ತು ಮಂದಿಯ ಮೇಲೆಯೇ ನನ್ನ ಕಣ್ಣು. 1965ರಲ್ಲಿ ರಾಬರ್ಟ್ ಜಾಯನ್ಸ್ ಇದಕ್ಕೊಂದು ಉತ್ತರ ಕೊಟ್ಟ. ರೂಢಿಯಾದ ಕೆಲಸ ನಾಲ್ಕು ಜನರೆದುರು ಸಲೀಸಾಗುತ್ತದೆ, ಕಲಿಯುತ್ತಿರುವ ಕಷ್ಟದ ಕೆಲಸ ಕೆಡುತ್ತದೆ. ನಾಲ್ಕು ವರ್ಷ ಬಿಟ್ಟು ಜಿರಳೆಗಳನ್ನು ಓಡಿಸಿಯೂ ಅದನ್ನೇ ತೋರಿಸಿದ. ಬೇರೆ ಜಿರಳೆಗಳು ನೋಡುತ್ತಿದ್ದಾಗ ಅವು ನೇರ ದಾರಿಯಲ್ಲಿ ಬೇಗ ಓಡಿದವು, ತಿರುವಿನ ದಾರಿಯಲ್ಲಿ ತಡಬಡಾಯಿಸಿದವು.

ಬರೆಯುವುದು ತಿರುವಿನ ದಾರಿ. ಹಾಗಾಗಿ ಬರೆಯುವವನ ಪುಟವನ್ನು ಇಣುಕಿ ನೋಡುವ ಜತೆ ಕೆಡುಕು. ಪಕ್ಕದಲ್ಲಿ ತನ್ನ ಪಾಡಿಗೆ ತಾನಿರುವ ಜತೆ ಒಳಿತು. ಅಮೆರಿಕದ ಎಡಿಎಚ್‌ಡಿ ತರಬೇತುದಾರರು 1990ರ ದಶಕದಿಂದ ಈ ಎರಡನೆಯ ಬಗೆಯ ಜತೆಯನ್ನು ಹೆಸರಿಟ್ಟು ಬಳಸುತ್ತ ಬಂದಿದ್ದಾರೆ. ನಾನು ಅದನ್ನು ‘ಜತೆಯಾಳು’ ಎಂದು ಕರೆಯುತ್ತೇನೆ. ಒಬ್ಬ ಬರೆಯುತ್ತಾನೆ, ಇನ್ನೊಬ್ಬ ಅದೇ ಕೋಣೆಯಲ್ಲಿ ಅಥವಾ ಫೋನಿನ ಆ ತುದಿಯಲ್ಲಿ ತನ್ನ ಕೆಲಸ ಮಾಡಿಕೊಳ್ಳುತ್ತಾನೆ, ಅಷ್ಟೇ. ಇದರ ಮೇಲೆ ಗಟ್ಟಿಯಾದ ಪ್ರಯೋಗಗಳು ಇನ್ನೂ ಕಡಿಮೆ. ಬಳಸಿದವರ ಅನುಭವ ಹೇರಳ.

ಗುಂಪಿನ ತರಬೇತಿಯ ಬಗ್ಗೆ ಇದಕ್ಕಿಂತ ಗಟ್ಟಿಯಾದ ಪುರಾವೆಯಿದೆ. ನ್ಯೂಯಾರ್ಕಿನ ಮೇರಿ ಸೊಲಾಂಟೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 88 ವಯಸ್ಕರಿದ್ದರು. ಚೀಟಿ ಎತ್ತಿದಂತೆ ಅವರನ್ನು ಎರಡು ಬಗೆಯ ಗುಂಪುಗಳಿಗೆ ಹಂಚಲಾಯಿತು. ಎರಡೂ ಕಡೆ ಹನ್ನೆರಡು ವಾರ, ವಾರಕ್ಕೊಮ್ಮೆ ಸೇರುವುದು. ಒಂದು ಬಗೆಯಲ್ಲಿ ಕಷ್ಟ ಸುಖ ಹಂಚಿಕೊಂಡು ಒಬ್ಬರಿಗೊಬ್ಬರು ಧೈರ್ಯ ಹೇಳಿದರು. ಇನ್ನೊಂದು ಬಗೆಯಲ್ಲಿ ಸಮಯವನ್ನು ಅಳೆಯುವುದು, ದೊಡ್ಡ ಕೆಲಸವನ್ನು ಕೈಗೆ ಸಿಗುವ ತುಂಡುಗಳಾಗಿ ಒಡೆಯುವುದು, ಒಂದೇ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡುವುದು, ತುಂಡು ಮುಗಿದ ಕೂಡಲೇ ತನಗೆ ತಾನೇ ಏನಾದರೂ ಸಣ್ಣ ಬಹುಮಾನ ಕೊಟ್ಟುಕೊಳ್ಳುವುದು ಇವನ್ನು ಅಭ್ಯಾಸ ಮಾಡಿ, ವಾರದಲ್ಲಿ ಮಾಡಿದ್ದನ್ನು ಗುಂಪಿಗೆ ಒಪ್ಪಿಸಿದರು. ಹೆಚ್ಚು ಸುಧಾರಿಸಿದ್ದು ಎರಡನೆಯವರು.

ಈ ಫಲಿತಾಂಶವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಎರಡೂ ಕಡೆ ಜನರಿದ್ದರು, ಪ್ರೀತಿಯಿತ್ತು, ಕಿವಿಯಿತ್ತು. ವ್ಯತ್ಯಾಸ ಮಾಡಿದ್ದು ಚೆಕ್‌ರೋಲ್. ಸಾಂತ್ವನ ಸಣ್ಣದೆಂದು ಹೇಳುತ್ತಿಲ್ಲ. ‘ನೀನು ಸೋಮಾರಿಯಲ್ಲ’ ಎಂದು ಇನ್ನೊಬ್ಬ ಅದೇ ಕಷ್ಟದವನ ಬಾಯಿಂದ ಕೇಳಿದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿದ್ದೇನೆ. ಆದರೆ ಅತ್ತು ಹಗುರಾದ ಮನಸ್ಸೂ ಮರುದಿನ ಬೆಳಿಗ್ಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಿಲ್ಲುತ್ತದೆ. ‘ಕಾದಂಬರಿ ಬರೆಯುತ್ತೇನೆ’ ಎಂದು ಹೇಳಿ ಹೋದವನಿಗೆ ಗುಂಪು ಕೇಳಬೇಕಾದ್ದು ಕಾದಂಬರಿಯ ಕತೆಯನ್ನಲ್ಲ. ನಾಳೆ ಎಷ್ಟು ಗಂಟೆಗೆ, ಯಾವ ಮೇಜಿನ ಮುಂದೆ, ಎಷ್ಟು ಹೊತ್ತು, ಯಾವ ಪ್ಯಾರಾ? ಶುರುವಾಗದಿದ್ದರೆ ಆ ತುಂಡು ಇನ್ನೂ ದೊಡ್ಡದಿದೆ ಎಂದು ಅರ್ಥ, ಇನ್ನೊಮ್ಮೆ ಒಡೆಯಬೇಕು. ಫೈಲು ತೆರೆದು ನಿನ್ನೆಯ ಕೊನೆಯ ವಾಕ್ಯ ಓದುವುದು ಎಂಬಷ್ಟಕ್ಕೆ ಇಳಿಸಬೇಕಾಗಿ ಬಂದರೂ ಸರಿ.

ಕನ್ನಡಕ್ಕೆ ಗುಂಪಿನಲ್ಲಿ ಕಲಿಯುವುದು ಹೊಸದಲ್ಲ. ಕಥಾಕಮ್ಮಟ, ಕಾವ್ಯಕಮ್ಮಟಗಳಲ್ಲಿ ಬೆಳೆದ ಬರಹಗಾರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೆಗ್ಗೋಡಿನ ನೀನಾಸಂ ಶಿಬಿರಗಳಿಂದ ಹಿಡಿದು ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನದ ಕಾರ್ಯಾಗಾರಗಳವರೆಗೆ ಆ ಪರಂಪರೆ ಉಳಿದಿದೆ. ಆದರೆ ಕಮ್ಮಟ ಹೇಳಿಕೊಡುವುದು ಹೇಗೆ ಬರೆಯಬೇಕೆಂಬುದನ್ನು. ಮೂರು ದಿನ ಕಳೆದು ಊರಿಗೆ ವಾಪಸಾದಮೇಲೆ ಕುರ್ಚಿಯ ಮೇಲೆ ಹೇಗೆ ಕೂರಬೇಕೆಂಬುದಕ್ಕೆ ಇನ್ನೊಂದು ಬಗೆಯ ಕಮ್ಮಟ ಬೇಕು, ಅದು ಪ್ರತಿದಿನ ನಡೆಯಬೇಕು.

ತೇಜಸ್ವಿ ಹೆಸರು ಬಂದದ್ದರಿಂದ ಒಂದು ಮಾತು. ಮೂಡಿಗೆರೆಯ ‘ನಿರುತ್ತರ’ದಲ್ಲಿ ಕಾಫಿ ಬೆಳೆಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ, ಗಾಳ ಹಾಕುತ್ತ, ಕಂಪ್ಯೂಟರಿನಲ್ಲಿ ಕನ್ನಡದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತ ಬರೆದ ಅವರನ್ನು ತೋರಿಸಿ ‘ಅವರಿಗೂ ಇದೇ ಇತ್ತು’ ಎನ್ನುವವರನ್ನು ಕಂಡಿದ್ದೇನೆ. ತೀರಿಕೊಂಡವರಿಗೆ ರೋಗನಿರ್ಣಯ ಮಾಡುವುದು ತಪ್ಪು, ಆಸಕ್ತಿಗಳು ಬಹಳ ಇರುವುದು ರೋಗವೂ ಅಲ್ಲ. ಅವರಿಂದ ನಾವು ಕಲಿಯಬಹುದಾದ್ದು ಬೇರೆಯಿದೆ. ಅವರ ಸುತ್ತ ಸದಾ ಗೆಳೆಯರಿದ್ದರು, ಮತ್ತು ಕೆಲಸವೇ ಆ ಗೆಳೆತನದ ನಡುವೆ ಇತ್ತು. ‘ಪ್ಯಾಪಿಲಾನ್’ ಕನ್ನಡಕ್ಕೆ ಬಂದದ್ದು ಅವರೂ ಪ್ರದೀಪ ಕೆಂಜಿಗೆಯವರೂ ಜತೆಗೂಡಿದ್ದರಿಂದ. ಕಾಡಿನ ನಡುವಿನ ಒಂಟಿ ಸಾಹಿತಿ ಎಂದು ನಾವು ಕಟ್ಟಿಕೊಂಡ ಚಿತ್ರದಲ್ಲಿ ಆ ಜತೆಗಾರರು ಕಾಣುವುದಿಲ್ಲ.

ಇನ್ನೊಂದು ನಮ್ಮದೇ ಸಾಕ್ಷ್ಯ ತಾಳಮದ್ದಳೆ. ಮಳೆಗಾಲದ ರಾತ್ರಿ, ವೇಷವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರ ಪದ ಮುಗಿದ ಕೂಡಲೇ ಅರ್ಥಧಾರಿ ಎದುರು ಕೂತವರಿಗೆ ಉತ್ತರ ಕೊಡಬೇಕು. ಬರೆಯಲು ಕೂತರೆ ಒಂದು ಸಾಲೂ ಹೊರಡದ ನನ್ನ ಗೆಳೆಯನೊಬ್ಬ ಅಲ್ಲಿ ಒಂದು ಗಂಟೆ ಕರ್ಣನಾಗಿ ತಡೆಯಿಲ್ಲದೆ ಮಾತಾಡುತ್ತಾನೆ. ಅವನ ಮಿದುಳು ಅದೇ. ಎದುರಿಗೊಬ್ಬ ಕೃಷ್ಣನಿದ್ದಾನೆ, ಪ್ರತಿ ಮಾತಿಗೂ ತಕ್ಷಣ ಮರುಮಾತಿದೆ, ಫಲಕ್ಕಾಗಿ ಕಾಯಬೇಕಿಲ್ಲ. ಇದನ್ನು ಕಂಡಮೇಲೆ ನಾವಿಬ್ಬರೂ ಒಂದು ಕ್ರಮ ಮಾಡಿಕೊಂಡೆವು: ಬರೆಯುವುದನ್ನು ಮೊದಲು ಐದು ನಿಮಿಷ ಫೋನಿನಲ್ಲಿ ಹೇಳುವುದು, ಕೇಳುವವನು ನಡುವೆ ‘ಆಮೇಲೆ?’ ಎನ್ನುವುದು, ಹೇಳಿದ ಬಿಸಿ ಆರುವ ಮೊದಲು ಬರೆಯಲು ಕೂರುವುದು.

ಇಲ್ಲಿ ಇಂಥ ಗುಂಪು ನಡೆಸುವುದು ಬೆಂಗಳೂರಿನಲ್ಲಿ ನಡೆಸಿದಂತಲ್ಲ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು ತೊಂಬತ್ತು ಕಿಲೋಮೀಟರು, ಅದೂ ತಿರುವುಗಳ ದಾರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಕೂರಲು ಬೇಕಾದಷ್ಟು ಬಿಡುವಿದೆ, ಆದರೆ ಮರ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ, ಟವರ್ ಸತ್ತಿರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಕರೆಂಟಿದೆ, ಅರೇಬಿಕಾ ರೋಬಸ್ಟಾ ಕುಯ್ಲಿನಲ್ಲಿ ಉಸಿರಾಡಲು ಹೊತ್ತಿಲ್ಲ. ಹೀಗಾಗಿ ಇಲ್ಲಿನ ಹನ್ನೆರಡು ವಾರಗಳನ್ನು ತೋಟದ ಕ್ಯಾಲೆಂಡರಿಗೆ ಹೊಂದಿಸಿಯೇ ಇಡಬೇಕು. ವಿಡಿಯೋ ಬೇಡ, ಮಾತಿನ ಕರೆ ಸಾಕು. ಕರೆ ಕಡಿದರೆ ಏನು ಮಾಡಬೇಕೆಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ತಿಂಗಳಿಗೊಮ್ಮೆ ಮುಖ ನೋಡಿ ಕೂರಲು ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಿವೆ. ಅಲ್ಲಿ ಮೇಜಿದೆ, ಬೆಳಕಿದೆ, ಕಾಸು ಕೇಳುವುದಿಲ್ಲ. ನಾಲ್ಕರಿಂದ ಆರು ಮಂದಿ ಹದ. ಹತ್ತಾದರೆ ಮಾತು ಹೆಚ್ಚಿ ಸರದಿ ಬರುವುದರೊಳಗೆ ನಮ್ಮಂಥವರ ಮನಸ್ಸು ಚಾರ್ಮಾಡಿ ಇಳಿದಿರುತ್ತದೆ.

ಎಚ್ಚರವೂ ಬೇಕು. ‘ಕೋಚ್’ ಎಂದು ಬೋರ್ಡು ಹಾಕಲು ವೈದ್ಯಕೀಯ ಪದವಿ ಬೇಕಿಲ್ಲ. ಎಡಿಎಚ್‌ಡಿಯ ಜತೆ ಖಿನ್ನತೆ, ಆತಂಕ, ಕುಡಿತ ಬರುವುದು ಅಪರೂಪವಲ್ಲ. ಅವಕ್ಕೆ ಗುಂಪು ಮದ್ದಲ್ಲ. ನಿದ್ದೆಗೇಡು, ಥೈರಾಯ್ಡ್ ಕೂಡ ಗಮನವನ್ನು ಕದಡಬಲ್ಲವು. ರೋಗನಿರ್ಣಯ ವೈದ್ಯರಿಂದಲೇ ಆಗಬೇಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದಾರಿ ಕೇಳಬಹುದು. ತೊಂಬತ್ತು ಕಿಲೋಮೀಟರಿನ ಬಸ್ಸು ಹತ್ತುವ ಮೊದಲು ಆ ಕರೆ ಒಂದು ಒಳ್ಳೆಯ ಮೊದಲ ತುಂಡು.

ಮಲೆನಾಡಿನ ಸಣ್ಣ ಹಿಡುವಳಿದಾರರಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು, ಕೆಲವು ಕಡೆ ಈಗಲೂ ಇದೆ. ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನನ್ನ ಗದ್ದೆಯ ನಾಟಿಗೆ ನೀನು ಬಾ. ಕೂಲಿಯಿಲ್ಲ, ಲೆಕ್ಕವಿದೆ. ಬಂದವನ ಋಣ ಕೆಲಸದಿಂದಲೇ ತೀರಬೇಕು. ನೆರವು ಕೇಳುವುದು ಇಲ್ಲಿ ನಾಚಿಕೆಯ ಮಾತಾಗಿರಲಿಲ್ಲ, ಏಕೆಂದರೆ ಕೇಳಿದವನೇ ನಾಳೆ ಕೊಡುವವನು. ಎಡಿಎಚ್‌ಡಿ ಇರುವವರನ್ನು ಒಳಗಿನಿಂದ ತಿನ್ನುವುದು ಆ ನಾಚಿಕೆಯೇ: ಇಷ್ಟು ವಯಸ್ಸಾದಮೇಲೂ ಒಂದು ಪುಟ ಬರೆಯಲು ಇನ್ನೊಬ್ಬರು ಬೇಕೇ ಎಂಬ ಪ್ರಶ್ನೆ. ಬೇಕು. ಒಂದೆಕರೆ ಗದ್ದೆ ನಾಟಿ ಮಾಡಲು ಬೇಕಾದಂತೆ ಬೇಕು. ನನ್ನ ಗೆಳೆಯನ ನೆನಪು ಸೋರುವಲ್ಲಿ ನಾನು ನೆನಪಿಸುತ್ತೇನೆ, ನನ್ನ ಹೊತ್ತು ಜಾರುವಲ್ಲಿ ಅವನು ಗಂಟೆ ಹೊಡೆಯುತ್ತಾನೆ. ವಿಚಿತ್ರವೆಂದರೆ, ನನಗಾಗಿ ಏಳಲಾಗದ ನಾನು ಅವನಿಗಾಗಿ ಆರು ಗಂಟೆಗೆ ಏಳುತ್ತೇನೆ. ಅವನದೂ ಇದೇ ಮಾತು. ಫಲ ದೂರವಿದ್ದಾಗ ಹೊತ್ತಿಕೊಳ್ಳದ ಮಿದುಳು, ಆ ತುದಿಯಲ್ಲಿ ಒಬ್ಬ ಮನುಷ್ಯ ಕಾಯುತ್ತಿದ್ದಾನೆ ಎಂದಾಗ ಹೊತ್ತಿಕೊಳ್ಳುತ್ತದೆ.

ನಮ್ಮಲ್ಲೊಂದು ಚೆಕ್‌ರೋಲ್ ಇದೆ, ಅಪ್ಪನ ಪುಸ್ತಕದಂತೆಯೇ ಗೆರೆ ಹೊಡೆದದ್ದು. ಒಂದು ತಿಂಗಳು ನಾನು ಇಟ್ಟುಕೊಳ್ಳುತ್ತೇನೆ, ಮರು ತಿಂಗಳು ಅವನು. ಎಷ್ಟು ಪದ, ಎಷ್ಟು ಪುಟ ಎಂದು ಬರೆಯುವುದಿಲ್ಲ. ಹೇಳಿದ ಹೊತ್ತಿಗೆ ಕೂತೆಯಾ, ಅಷ್ಟೇ. ಚುಕ್ಕಿಗಳಿವೆ, ಸಾಲಾಗಿ ಐದು ಚುಕ್ಕಿ ಬಿದ್ದ ವಾರಗಳೂ ಇವೆ. ಆ ಬಗ್ಗೆ ಮಾತಿಲ್ಲ. ಈ ತಿಂಗಳು ಪುಸ್ತಕ ಅವನ ಬಳಿ ಇದೆ. ಈ ಅಧ್ಯಾಯವನ್ನು ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದೆ. ಏಳೂವರೆಗೆ ಮಳೆ ಜೋರಾಗಿ ಕರೆ ಕಡಿಯಿತು, ನಾನು ಎದ್ದು ಹಳ್ಳ ನೋಡಲು ಹೋದೆ. ವಾಪಸು ಬಂದಾಗ ಅವನದೊಂದು ಸಂದೇಶ ಬಂದಿತ್ತು. ಇವತ್ತಿನ ಮನೆಯಲ್ಲಿ ನನಗೆ ಅರ್ಧ ಆಳು ಬರೆದಿದ್ದಾನೆ. ನಾಳೆಯೂ ಆರಕ್ಕೆ.